ಮಗನನ್ನು ಹೊರಗೆ ಕಳಿಸಿ ಕೇಳಬೇಕಿದ್ದ ಪ್ರಶ್ನೆ

‘ಮೇಡಂ, ನಿಮ್ಮ ಅನುಭವ ಒಂದಿಷ್ಟು ಬರೆದುಕೊಡಿ’ ಎಂದು ನಮ್ಮ ವಿಭಾಗಕ್ಕೆ ಹೊಸದಾಗಿ ಸೇರಿದ ಡಾಕ್ಟರುಗಳು ಕೇಳಿದಾಗ ನನಗೆ ಮೊದಲು ಆದದ್ದು ಭಯ. ಏನಾದರೂ ತಪ್ಪು ಬರೆದುಬಿಟ್ಟರೆ? ಅದನ್ನು ಓದಿ ಯಾರೋ ಇನ್ಯಾರಿಗೋ ತಪ್ಪು ಚಿಕಿತ್ಸೆ ಕೊಟ್ಟುಬಿಟ್ಟರೆ? ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ಈ ಕಾಯಿಲೆ ನನ್ನನ್ನು ಬಿಟ್ಟಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ವಾಪಸು ಬರುವವರ ಜಾತಿ ನನ್ನದು. ಬಡ್ತಿ, ಸನ್ಮಾನ, ಶಾಲುಗಳ ವಿಷಯ ಬಿಡಿ, ಅವು ಬೀರುವಿನಲ್ಲಿವೆ. ನಾನು ಬರೆಯಬೇಕೆಂದಿರುವುದು ಹೆದರಬೇಕಾದ ಕಡೆ ಹೆದರದೆ ಹೋದ ಒಂದು ಮಧ್ಯಾಹ್ನದ ಬಗ್ಗೆ, ಆಮೇಲೆ ಹೆದರಬಾರದ ಕಡೆ ಹೆದರಿ ಬಾಯಿ ಮುಚ್ಚಿಕೊಂಡ ಎಂಟು ತಿಂಗಳ ಬಗ್ಗೆ.

ನಾನು ಓದಿದ್ದು ಪುನಶ್ಚೇತನ ವೈದ್ಯಕೀಯ. ಲಕ್ವ ಹೊಡೆದವರು, ಕಾಲು ಕಳೆದುಕೊಂಡವರು, ಸೊಂಟ ಹಿಡಿದವರು, ಯಾವ ಮಾತ್ರೆಗೂ ಬಗ್ಗದ ನೋವಿನವರು ನಮ್ಮ ಪಾಲಿಗೆ. ಆಪರೇಷನ್ ಮಾಡುವವರು ಕೈ ತೊಳೆದುಕೊಂಡ ಮೇಲೆ ನಮ್ಮ ಕೆಲಸ ಶುರು. ನಮ್ಮದು ಕಗ್ಗದಾಸಪುರದ ಹಳೇ ಒಕ್ಕಲು ಮನೆತನ, ಹೂಕೋಸು ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳಿವೆ. ನಾನು ಈ ವಿಷಯ ತೆಗೆದುಕೊಂಡೆ ಅಂದಾಗ ನಮ್ಮಜ್ಜಿ ತಲೆ ಮೇಲೆ ಕೈ ಹೊತ್ತು, ‘ಇಷ್ಟು ವರ್ಷ ಓದಿ ಕಾಲು ಒತ್ತೋಕೆ ಹೋಗ್ತೀಯೇನೇ?’ ಎಂದಿದ್ದರು. ಅಜ್ಜಿಗೆ ಕೊನೆವರೆಗೂ ನಾನು ಕಾಲು ಒತ್ತುವ ಡಾಕ್ಟರೇ.

ಕೆಲಸ ಮಾಡಿದ್ದು ಹಲಸೂರಿನ ಒಂದು ಧರ್ಮಾಸ್ಪತ್ರೆಯಲ್ಲಿ. ನಮ್ಮ ಹೊರರೋಗಿ ವಿಭಾಗದಲ್ಲಿ ದಿನಕ್ಕೆ ಐದು ಭಾಷೆ ಕೇಳಿಸುತ್ತಿತ್ತು. ಹಾಗಾಗಿ ನಾನು ಬರುವ ಮೊದಲಿಂದಲೂ ಅಲ್ಲೊಂದು ಪದ್ಧತಿ ಇತ್ತು. ಮೇಜಿನ ಪಕ್ಕದಲ್ಲಿ ರೋಗಿಗೆ ಒಂದು ಸ್ಟೂಲು, ಡಾಕ್ಟರ ಎದುರಿಗೆ ಜೊತೆಯಲ್ಲಿ ಬಂದವರಿಗೆ ಒಂದು ಕುರ್ಚಿ. ಕುರ್ಚಿಯಲ್ಲಿ ಕೂತವರು ಮಾತಾಡುವುದು, ಸ್ಟೂಲಿನಲ್ಲಿ ಕೂತವರು ನರಳುವುದು. ಮೂವತ್ತು ವರ್ಷ ಆ ಏರ್ಪಾಡು ನನ್ನ ಕಣ್ಣೆದುರೇ ಇತ್ತು, ಒಂದು ದಿನವೂ ವಿಚಿತ್ರ ಅನಿಸಲಿಲ್ಲ.

ನನಗೆ ಕೆಲಸ ಕಲಿಸಿದವರು ಡಾ. ವರದರಾಜನ್. ದಂಡು ಪ್ರದೇಶದಲ್ಲೇ ಹುಟ್ಟಿ ಬೆಳೆದವರು, ತಮಿಳಿನಲ್ಲಿ ಅದ್ದಿ ತೆಗೆದ ಕನ್ನಡ. ಬೆಳಿಗ್ಗೆ ಕಿಟಕಿಯ ಹತ್ತಿರ ಕಾಫಿ ಹಿಡಿದು ನಿಂತು, ರೋಗಿಗಳು ಆಟೊದಿಂದ ಇಳಿಯುವುದನ್ನು ನೋಡುತ್ತಿದ್ದರು. ಯಾವ ಕಾಲು ಮೊದಲು ಊರಿದರು, ಚಿಲ್ಲರೆ ಎಣಿಸುವಾಗ ಎಲ್ಲಿ ಒರಗಿದರು ಎನ್ನುವುದರಲ್ಲೇ ಅರ್ಧ ರೋಗ ಹಿಡಿದುಬಿಡುತ್ತಿದ್ದರು. ‘ಮೊದ್ಲು ನೋಡಮ್ಮಾ, ಅಪ್ಪುರಂ ಕೇಳು. ಬಾಯಿ ಸುಳ್ಳು ಹೇಳತ್ತೆ, ಸೊಂಟ ಹೇಳಲ್ಲ’ ಅನ್ನುವರು. ನನ್ನ ಗಾಬರಿ ಕಂಡು ಅವರಿಗೆ ನಗು. ಒಂದು ಸಲ ಎಲ್ಲರೆದುರು, ‘ಇವಳ ಪೇಷೆಂಟ್ ಎಲ್ಲಾ ಉಳೀತಾರೆ, ಇವಳೇ ಒಂದಿನ ಹೋಗ್ಬಿಡ್ತಾಳೆ’ ಎಂದರು.

ಆಗ ನಾವು ಮಾಡುತ್ತಿದ್ದ ಚಿಕಿತ್ಸೆ ನೆನೆದರೆ ಈಗ ಮೈ ಜುಮ್ಮೆನ್ನುತ್ತದೆ. ಬೆನ್ನಿನ ಡಿಸ್ಕ್ ಜಾರಿದವರನ್ನು ಹಲಗೆಯ ಮೇಲೆ ಮೂರು ವಾರ ಮಲಗಿಸಿ, ಕಾಲಿಗೆ ಮರಳುಚೀಲ ಕಟ್ಟಿ ನೇತುಹಾಕುತ್ತಿದ್ದೆವು. ಮೂರು ವಾರದಲ್ಲಿ ಮಾಂಸಖಂಡ ಕರಗಿ, ಎದ್ದು ನಿಂತರೆ ಹೊಸ ಕರುವಿನ ಹಾಗೆ ತೂರಾಡುತ್ತಿದ್ದರು. ಈಗ ನೀವು ಎರಡನೇ ದಿನಕ್ಕೇ ಎಬ್ಬಿಸಿ ನಡೆಸುತ್ತೀರಿ, ಸ್ಕ್ಯಾನಿನ ಪರದೆ ನೋಡಿಕೊಂಡೇ ಸೂಜಿ ಹಾಕುತ್ತೀರಿ. ಒಳ್ಳೆಯದೇ. ಆದರೆ ನಾವು ಅಷ್ಟೇ ನಂಬಿಕೆಯಿಂದ ಮರಳುಚೀಲ ಕಟ್ಟುತ್ತಿದ್ದೆವು ಅನ್ನುವುದು ನೆನಪಿರಲಿ.

ನನ್ನ ಮೊದಲ ದೊಡ್ಡ ಎಡವಟ್ಟು ಆರೋಕ್ಯಸ್ವಾಮಿ ಎಂಬ ಹಿರಿಯರ ವಿಷಯದ್ದು. ಅಚ್ಚುಕೂಟದಲ್ಲಿ ದುಡಿದು ನಿವೃತ್ತರಾದವರು, ಹಳೇ ಸಕ್ಕರೆ ಕಾಯಿಲೆ. ಪಾದದ ಗಂಟು ನೋವು ಅಂದರು. ಬಿಸಿ ಮೇಣದಲ್ಲಿ ಕಾಲು ಅದ್ದಿಸುವ ಚಿಕಿತ್ಸೆ ಬರೆದೆ. ‘ಬಿಸಿ ಜಾಸ್ತಿಯಾಯ್ತಾ?’ ಎಂದು ಕೇಳಿದರೆ, ‘ಬಿಸಿನೇ ಇಲ್ಲಮ್ಮಾ, ಸುಖವಾಗಿದೆ’ ಎಂದು ನಕ್ಕರು. ನನಗೂ ಸಂತೋಷ. ಮಾರನೆಯ ದಿನ ಎರಡೂ ಪಾದಗಳ ತುಂಬ ಬೊಬ್ಬೆ. ಅವರ ಪಾದದ ನರಗಳು ಸತ್ತು ಎಷ್ಟೋ ಕಾಲವಾಗಿತ್ತು, ಮುಟ್ಟಿ ಪರೀಕ್ಷೆ ಮಾಡದೆ ನಾನು ಬರೆದಿದ್ದೆ. ಗಾಯ ಮಾಯಲು ಮೂರು ತಿಂಗಳು ಹಿಡಿಯಿತು. ಅಂದು ವರದರಾಜನ್ ನಗಲಿಲ್ಲ. ‘ನೋವು ಅಂತ ಕಿರುಚೋನ್ಗೆ ನೀನ್ ಭಯ ಪಡ್ಬೇಡ. ನೋವಿಲ್ಲ ಅಂತಾನಲ್ಲ, ಅವನ್ಗೆ ಭಯಪಡು’ ಎಂದರು.

ಈ ಮಾತು ನನಗೆ ಬಾಯಿಪಾಠವಾಗಿತ್ತು. ನೂರಾರು ವಿದ್ಯಾರ್ಥಿಗಳಿಗೆ ಹೇಳಿದ್ದೆ. ಹೇಳುವುದಕ್ಕೂ ನಡೆಯುವುದಕ್ಕೂ ಇರುವ ದೂರ ಖುರ್ಷಿದ್ ಬೇಗಂ ಬಂದಾಗ ತಿಳಿಯಿತು.

ಖುರ್ಷಿದ್ ಬೇಗಂ ಶಿವಾಜಿನಗರದವರು. ಐವತ್ತು ದಾಟಿದ ಹೆಂಗಸು, ವಿಧವೆ. ಮನೆಯವರದು ದರ್ಜಿಗಳಿಗೆ ಲೇಸು, ಗುಂಡಿ ಮಾರುವ ಅಂಗಡಿ. ಅದನ್ನು ನೋಡಿಕೊಳ್ಳುತ್ತಿದ್ದವನು ಒಬ್ಬನೇ ಮಗ ಇರ್ಫಾನ್. ಇಪ್ಪತ್ತೆಂಟರ ಆಸುಪಾಸು, ವಿನಯವಂತ, ಕನ್ನಡ ಇಂಗ್ಲಿಷ್ ಎರಡೂ ಚೆನ್ನಾಗಿ ಆಡುತ್ತಿದ್ದ. ಮೊದಲ ಸಲ ತಾಯಿಯನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ಬಂದಿದ್ದ. ಸೊಂಟದಿಂದ ಎರಡೂ ಕಾಲಿಗೆ ಇಳಿಯುವ ನೋವು. ಮಾತ್ರೆ, ಪಟ್ಟಿ, ವ್ಯಾಯಾಮ ಬರೆದು, ಸ್ಕ್ಯಾನಿಂಗಿಗೆ ಚೀಟಿ ಕೊಟ್ಟೆ. ಸ್ಕ್ಯಾನಿಂಗಿನ ಸರದಿ ಮೂರು ವಾರ ಮುಂದಿತ್ತು.

ಎರಡನೇ ಸಲ ಬಂದದ್ದು ಒಂದು ಗುರುವಾರ, ಮಧ್ಯಾಹ್ನ ಒಂದು ಗಂಟೆಗೆ. ಹೊರಗೆ ಇನ್ನೂ ಇಪ್ಪತ್ತು ಜನ ಇದ್ದರು. ನಮ್ಮ ನರ್ಸಮ್ಮ ಊಟಕ್ಕೆ ಹೋಗಿದ್ದರು. ಇರ್ಫಾನ್ ಕುರ್ಚಿಯಲ್ಲಿ ಕೂತ, ತಾಯಿ ಬುರ್ಖಾದಲ್ಲಿ ಸ್ಟೂಲಿನ ತುದಿಗೆ ಕೂತರು.

‘ನೋವು ತುಂಬಾ ಕಮ್ಮಿ ಆಗಿದೆ ಡಾಕ್ಟರ್, ಥ್ಯಾಂಕ್ಸ್’ ಅಂದ ಇರ್ಫಾನ್.

ನನಗೆ ಹಾಯೆನಿಸಿತು. ಆದರೂ ಪಾಠ ಮರೆಯಲಿಲ್ಲ. ಡಿಸ್ಕ್ ಹಿಂದಕ್ಕೆ ಜಾರಿ ನಡುವಿನ ನರಗಳ ಕಟ್ಟನ್ನೇ ಒತ್ತಿಬಿಟ್ಟರೆ ಕೂರುವ ಭಾಗ ಜೋಮು ಹಿಡಿಯುತ್ತದೆ, ಮೂತ್ರದ ಹಿಡಿತ ತಪ್ಪುತ್ತದೆ, ನರ ಸಾಯುತ್ತಿದ್ದರೆ ನೋವೂ ಇಳಿಯುತ್ತದೆ. ತಕ್ಷಣ ಆಪರೇಷನ್ ಆಗದಿದ್ದರೆ ಆ ಹಿಡಿತ ಮತ್ತೆ ಬಾರದೆ ಹೋಗಬಹುದು. ಅದಕ್ಕೇ ಬೆನ್ನು ನೋವಿನವರನ್ನೆಲ್ಲ ನಾವು ಜೋಮು, ಮೂತ್ರದ ಪ್ರಶ್ನೆ ಕೇಳುತ್ತೇವೆ. ನಾನೂ ಕೇಳಿದೆ. ಯಾರನ್ನು? ಕುರ್ಚಿಯಲ್ಲಿ ಕೂತವನನ್ನು.

‘ಅಮ್ಮನ್ನ ಕೇಳಿ ಹೇಳಪ್ಪ, ಕೂರೋ ಜಾಗದಲ್ಲಿ ಜೋಮು ಇದೆಯಾ, ಮೂತ್ರ ಸರಿಯಾಗಿ ಹೋಗ್ತಿದೆಯಾ, ಗೊತ್ತಿಲ್ದೆ ಹೋಗತ್ತಾ ಅಂತ.’

ಇರ್ಫಾನ್ ತಾಯಿಯ ಕಡೆ ಬಗ್ಗಿ ಮೆಲ್ಲಗೆ ಏನೋ ಅಂದ. ಆಕೆ ತಲೆಯಾಡಿಸಿದರು. ‘ಎಲ್ಲಾ ನಾರ್ಮಲ್ ಡಾಕ್ಟರ್’ ಎಂದ. ನಾನು ಕಾರ್ಡಿನಲ್ಲಿ ನಾರ್ಮಲ್ ಎಂದು ಬರೆದೆ. ಪರದೆ ಎಳೆದು, ಆ ಭಾಗವನ್ನು ಸೂಜಿಯಲ್ಲಿ ಮುಟ್ಟಿ ನೋಡಬೇಕಿತ್ತು. ನರ್ಸಮ್ಮ ಇಲ್ಲ, ಬುರ್ಖಾ, ಹೊರಗೆ ಇಪ್ಪತ್ತು ಜನ, ನೋವು ಬೇರೆ ಕಡಿಮೆಯಾಗಿದೆ. ನೋಡಲಿಲ್ಲ.

ಅಂದು ಸಂಜೆ ಸಿ.ವಿ. ರಾಮನ್ ನಗರದ ನಮ್ಮ ಮನೆಯಲ್ಲಿ ದಂಟಿನ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಇದ್ದಕ್ಕಿದ್ದಂತೆ ಕೈ ನಿಂತಿತು. ನಾನು ಕೇಳಿದ್ದು ಮೂರು ಪ್ರಶ್ನೆ. ಆ ಹುಡುಗ ತಾಯಿಗೆ ಹೇಳಿದ್ದು ನಾಲ್ಕೋ ಐದೋ ಪದ. ಮೂರು ಪ್ರಶ್ನೆ ನಾಲ್ಕೈದು ಪದದಲ್ಲಿ ಹೇಗೆ ಹಿಡಿಯಿತು? ನಮ್ಮೆಜಮಾನರಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, ‘ನಿನ್ ಲೆಕ್ಕದಲ್ಲಿ ದಿನಾ ಒಬ್ರು ಹೋಗ್ತಾರೆ. ಹೋದ್ವಾರ ಆ ಲಿಂಗರಾಜಪುರದವ್ರಿಗೆ ಹಿಂಗೇ ಫೋನ್ ಮಾಡಿ ಬೈಸ್ಕೊಂಡ್ಯಲ್ಲ’ ಎಂದರು. ನಿಜ, ಬೈಸಿಕೊಂಡಿದ್ದೆ. ದಿನವೂ ತೋಳ ಬಂತು ತೋಳ ಎಂದು ಕೂಗಿಕೊಳ್ಳುವವಳಿಗೆ ತನ್ನ ಕೂಗೇ ನಂಬಿಕೆಗೆ ಬಾರದು. ಇರ್ಫಾನನ ನಂಬರು ಡೈರಿಯಲ್ಲಿತ್ತು. ಮಾಡಲಿಲ್ಲ. ಸಾರಿಗೆ ಒಗ್ಗರಣೆ ಹಾಕಿದೆ, ಊಟ ಮಾಡಿದೆ, ನಿದ್ದೆ ಬರಲಿಲ್ಲ ಅಷ್ಟೆ.

ಬೆಳಿಗ್ಗೆ ಆಸ್ಪತ್ರೆಗೆ ಹೋದವಳೇ ಫೋನ್ ಮಾಡಿದೆ. ಅವನು ಎತ್ತುವ ಹೊತ್ತಿಗೆ ಹತ್ತೂವರೆ.

‘ಅಮ್ಮೀ ಆರಾಮಾಗಿದ್ದಾರೆ ಡಾಕ್ಟರ್. ಕೆ.ಆರ್. ಪುರದಲ್ಲಿ ಮಾಮೂ ಮಗಳ ಮದುವೆ, ಅಲ್ಲಿದ್ದಾರೆ.’

‘ನಿನ್ನೆ ನಾನ್ ಹೇಳಿದ್ದನ್ನ ಅಮ್ಮನ್ನ ಸರಿಯಾಗಿ ಕೇಳಿದ್ಯಾಪ್ಪ?’

ಒಂದು ಗಳಿಗೆ ಸದ್ದಿಲ್ಲ. ‘ಹಾಂ… ಕೇಳ್ದೆ ಡಾಕ್ಟರ್.’

ಆ ಒಂದು ಗಳಿಗೆ ನನ್ನನ್ನು ಎಬ್ಬಿಸಿತು. ಮದುವೆ ಮಹಲಿನ ಹೆಸರು ಕೇಳಿಕೊಂಡು, ಒಪಿಡಿಯನ್ನು ಕಿರಿಯರಿಗೆ ಬಿಟ್ಟು ಹೊರಟೆ. ಆಗ ಮೆಟ್ರೊ ಬೈಯಪ್ಪನಹಳ್ಳಿಗೇ ನಿಲ್ಲುತ್ತಿತ್ತು. ಅಲ್ಲಿಂದ ಆಟೊ. ಟಿನ್ ಫ್ಯಾಕ್ಟರಿ ಹತ್ತಿರ ಮುಕ್ಕಾಲು ಗಂಟೆ ನಿಂತಲ್ಲೇ ನಿಂತೆವು. ‘ಮದ್ವೆಗೆ ಹೋಗ್ತಿದ್ದೀರಾ ಮೇಡಂ? ಊಟ ಲೇಟೇ ಬಿಡಿ, ಟೆನ್ಷನ್ ತಗೋಬೇಡಿ’ ಎಂದ ಆಟೊದವನು. ನಾನು ಮನಸ್ಸಿನಲ್ಲೇ ಕಂಡಕಂಡ ದೇವರಿಗೆ ಬೇಡುತ್ತಿದ್ದೆ, ದೇವರೇ, ಇವತ್ತೂ ಬೈಸಿಕೊಂಡು ಬರುವಂತಾಗಲಿ.

ಮಹಲಿನ ಹೆಂಗಸರ ಕಡೆ ಅತ್ತರಿನ ಘಮಲು, ಗಲಾಟೆ. ಖುರ್ಷಿದ್ ಬೇಗಂ ಗೋಡೆ ಪಕ್ಕದ ಸೋಫಾದಲ್ಲಿ ಒಂದು ಮಗ್ಗುಲಿಗೆ ಕೂತಿದ್ದರು. ಕೈಯಲ್ಲಿ ಶರಬತ್ತಿನ ಲೋಟ ತುಂಬಿದ ಹಾಗೇ ಇತ್ತು. ನನ್ನನ್ನು ಕಂಡು ಮುಖ ಬಿಳಿಚಿಕೊಂಡಿತು. ಮದುಮಗಳು ಅಲಂಕಾರ ಮಾಡಿಕೊಳ್ಳುವ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ. ನನಗೆ ಬರುವ ಮುರುಕು ದಖನಿಯಲ್ಲಿ ಪದ ಹುಡುಕತೊಡಗಿದೆ. ಆಕೆ ನನ್ನ ಕೈ ಹಿಡಿದು ತಡೆದರು.

‘ನಾನು ಹೊಸಕೋಟೆಯೋಳು ಡಾಕ್ಟ್ರಮ್ಮಾ. ನಂಗೆ ಕನ್ನಡ ಬರ್ತೈತೆ.’

‘ಮತ್ತೆ ನಿನ್ನೆ ಯಾಕ್ ಹೇಳ್ಲಿಲ್ಲ?’

‘ನನ್ನನ್ನ ನೀವ್ ಕೇಳ್ಲೇ ಇಲ್ವಲ್ಲ. ಅವ್ನನ್ನ ಕೇಳಿದ್ರಿ. ಬೇಟೇ ಕೆ ಸಾಮ್ನೆ ಕೈಸಾ ಬೋಲ್ನಾ? ಮಗನ್ ಮುಂದೆ ಹೆಂಗಮ್ಮಾ ಹೇಳೋದು ಅದನ್ನ?’

ಆಮೇಲೆ ಎಲ್ಲವೂ ಹೊರಗೆ ಬಂತು. ಬುಧವಾರ ಸಂಜೆಯಿಂದ ಕೂತದ್ದು ಗೊತ್ತಾಗುತ್ತಿಲ್ಲ. ಒತ್ತಡವೇ ತಿಳಿಯದೆ ಹನಿಹನಿ ಸೋರುತ್ತಿದೆ. ಬಟ್ಟೆ ಮಡಿಸಿ ಇಟ್ಟುಕೊಂಡಿದ್ದಾರೆ. ನಮಾಜಿಗೆ ಮೈ ಶುದ್ಧವಿರಬೇಕಲ್ಲ ಎಂದು ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆ. ಕಿಬ್ಬೊಟ್ಟೆ ಮುಟ್ಟಿದೆ, ಎಳೆ ಸೋರೆಕಾಯಿಯಷ್ಟು ಗಟ್ಟಿ. ಮೂತ್ರಕೋಶ ತುಂಬಿ ಹೊಕ್ಕುಳ ಹತ್ತಿರ ಬಂದಿತ್ತು, ಸೋರುತ್ತಿದ್ದುದು ತುಂಬಿ ಚೆಲ್ಲಿದ್ದು. ಅವರ ದುಪಟ್ಟಾದ ಸೇಫ್ಟಿ ಪಿನ್ ಬಿಚ್ಚಿ ಪರೀಕ್ಷೆ ಮಾಡಿದೆ. ಚುಚ್ಚಿದ್ದು ಅವರಿಗೆ ತಿಳಿಯಲೇ ಇಲ್ಲ. ಬುಧವಾರ ಸಂಜೆ ಅಂದರೆ, ಗುರುವಾರ ನನ್ನ ಮುಂದೆ ಸ್ಟೂಲಿನ ತುದಿಯಲ್ಲಿ ಕೂತಾಗ ಇನ್ನೂ ಒಂದು ದಿನವೂ ಆಗಿರಲಿಲ್ಲ.

ಅಂದೇ ದೊಡ್ಡ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಸ್ಕ್ಯಾನ್ ಆಯಿತು, ಸಂಜೆಗೆ ಆಪರೇಷನ್ ನಿಶ್ಚಯವಾಯಿತು. ಅಲ್ಲಿನ ಸರ್ಜನ್ ನನ್ನ ಕಾರ್ಡು ತಿರುವಿ ಹುಬ್ಬು ಗಂಟಿಕ್ಕಿ, ‘ನಿನ್ನೆ ನಾರ್ಮಲ್ ಅಂತ ಬರ್ದಿದ್ದೀರಲ್ಲ ಮೇಡಂ?’ ಎಂದು ಕೇಳಿದರು.

ಈ ಬರಹದ ಕಾರಣ ನಾನು ಆಗ ಕೊಟ್ಟ ಉತ್ತರ. ‘ಮಗನ ಮೂಲಕ ಕೇಳಿಸ್ದೆ, ಅವನು ಸರಿಯಾಗಿ ಕೇಳ್ಲಿಲ್ಲ’ ಎಂದುಬಿಟ್ಟೆ. ಒಂದು ಅಕ್ಷರ ಸುಳ್ಳಿಲ್ಲ. ಮೂರಡಿ ದೂರದಲ್ಲಿ ಇರ್ಫಾನ್ ಔಷಧದ ಚೀಲ ಹಿಡಿದು ನಿಂತಿದ್ದ. ಅವನು ಕೇಳಿಸಿಕೊಂಡದ್ದನ್ನು ನಾನು ನೋಡಿದೆ. ನೋಡಿಯೂ ಮಾತು ಮುಂದುವರಿಸಲಿಲ್ಲ.

ಕಾಲುಗಳು ಉಳಿದವು. ಆರು ವಾರಕ್ಕೆ ಕೋಲು ಹಿಡಿದು, ಮೂರು ತಿಂಗಳಿಗೆ ಕೋಲಿಲ್ಲದೆ ನಡೆದರು. ಮೂತ್ರದ ಹಿಡಿತ ಬರಲಿಲ್ಲ. ದಿನಕ್ಕೆ ನಾಲ್ಕು ಸಲ ತಾವೇ ಸಣ್ಣ ಕೊಳವೆ ಹಾಕಿ ತೆಗೆಯುವುದನ್ನು ಕಲಿಸಿದೆ. ಕನ್ನಡಿ ಹಿಡಿದು, ಬೆವರಿ, ಅತ್ತು, ಕಲಿತರು. ನಮಾಜಿನ ಚಿಂತೆಯನ್ನು ಮೊಹಲ್ಲಾದ ಹಿರಿಯರ ಹತ್ತಿರ ಬಗೆಹರಿಸಿಕೊಂಡು ಬಂದರು, ಕಾಯಿಲೆಯವರಿಗೆ ವಿನಾಯಿತಿ ಇದೆಯಂತೆ. ಗುರುವಾರವೇ ಕಳಿಸಿದ್ದರೆ ಹಿಡಿತ ಬರುತ್ತಿತ್ತೇ? ಯಾರೂ ಆಣೆ ಮಾಡಿ ಹೇಳಲಾರರು. ನಾನು ಮಾತ್ರ ದಿನಾ ಲೆಕ್ಕ ಹಾಕುತ್ತಿದ್ದೆ.

ಊರೆಲ್ಲ ನನ್ನನ್ನು ಹೊಗಳಿತು. ಮದುವೆ ಮನೆಗೇ ಹೋಗಿ ರೋಗಿಯನ್ನು ಹಿಡಿದು ತಂದ ಡಾಕ್ಟರು! ನಮ್ಮ ಆಡಳಿತದವರು ಸಭೆಯಲ್ಲಿ ಹೇಳಿದರು, ಚಪ್ಪಾಳೆ ಬಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ, ನಾನು ಚಪ್ಪಾಳೆಗೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಇರ್ಫಾನ್ ಒಂದು ದಿನ ಮಿಠಾಯಿ ಡಬ್ಬಿ ತಂದು ಮೇಜಿನ ಮೇಲಿಟ್ಟು, ತಲೆ ತಗ್ಗಿಸಿ ‘ನಿಮ್ಮಿಂದ ಅಮ್ಮೀ ನಡೀತಿದ್ದಾರೆ’ ಎಂದು ಹೋದ. ಹೇಳಬೇಕು ಅಂದುಕೊಂಡೆ. ಕೇಸು ಹಾಕಿದರೆ? ಅಂಗಡಿ ಜನ ಗುಂಪು ಕಟ್ಟಿಕೊಂಡು ಬಂದರೆ? ನಿವೃತ್ತಿಗೆ ಸ್ವಲ್ಪವೇ ಉಳಿದಿದೆ, ಪಿಂಚಣಿ ತಡೆಹಿಡಿದರೆ? ನನ್ನ ಭಯಗಳಿಗೆ ಯಾವತ್ತೂ ಬರವಿರಲಿಲ್ಲ. ಮುಂದಿನ ಸಲ, ಮುಂದಿನ ಸಲ ಎಂದು ಎಂಟು ತಿಂಗಳು ತಳ್ಳಿದೆ.

ಆ ನಡುವೆ ಒಪಿಡಿಯಲ್ಲಿ ಕುರ್ಚಿ ಸ್ಟೂಲು ಅದಲುಬದಲು ಮಾಡಿಸಿದೆ. ಪ್ರತಿಯೊಬ್ಬ ರೋಗಿಯ ಜೊತೆ ಎರಡು ನಿಮಿಷವಾದರೂ ಬಾಗಿಲು ಹಾಕಿಕೊಂಡು ಡಾಕ್ಟರೊಬ್ಬರೇ ಮಾತಾಡುವ ನಿಯಮ ತಂದೆ. ನೀವು ಬಂದಾಗಿನಿಂದ ನೋಡುತ್ತಿರುವ ಪದ್ಧತಿ ಹುಟ್ಟಿದ್ದು ಹೀಗೆ. ಪದ್ಧತಿ ಬದಲಾಯಿಸುವುದು ಸುಲಭ, ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಕೊನೆಗೆ ಒಂದು ಬೆಳಿಗ್ಗೆ, ತಪಾಸಣೆ ಮುಗಿದ ಮೇಲೆ, ಖುರ್ಷಿದ್ ಬೇಗಂಗೆ ಹೇಳಿದೆ. ಬಾಗಿಲು ಹಾಕಿತ್ತು. ‘ಆವತ್ತು ನಾನು ನಿಮ್ಮನ್ನೇ ಕೇಳ್ಬೇಕಿತ್ತು, ಮುಟ್ಟಿ ನೋಡ್ಬೇಕಿತ್ತು. ನೋಡ್ಲಿಲ್ಲ. ಒಂದು ದಿನ ಹಾಳಾಯ್ತು. ತಪ್ಪು ನಂದು’ ಎಂದೆ. ಬೈಗುಳಕ್ಕೆ ಕಾದು ಕೂತೆ.

ಆಕೆ ಬುರ್ಖಾದ ಗುಂಡಿ ಹಾಕಿಕೊಳ್ಳುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ‘ನಂಗ್ ಹೇಳ್ತೀರಲ್ಲ ಡಾಕ್ಟ್ರಮ್ಮಾ. ಉಸ್ಕು ಬೋಲೋ. ಹೊರ್ಗೆ ನಿಂತವ್ನೆ, ಅವ್ನಿಗ್ ಹೇಳಿ. ಎಂಟು ತಿಂಗ್ಳಾಯ್ತು, ನನ್ ಪಕ್ಕ ಕೂತು ಒಂದ್ ತುತ್ತು ತಿಂದಿಲ್ಲ. ನನ್ ಮುಖ ನೋಡಿದ್ರೆ ಎದ್ದೋಗ್ತಾನೆ. ಮದ್ವೆ ಮಾಡ್ಕೋ ಅಂದ್ರೆ ನಕ್ಕೋ, ಬೇಡ ಅಂತಾನೆ. ಅಮ್ಮೀನ ನಾನೇ ಹಾಳ್ಮಾಡ್ದೆ ಅಂತ ಅವ್ನ್ ಖಾಲಾ, ನನ್ ತಂಗಿ ಹತ್ರ ಅತ್ತವ್ನೆ.’

ಇಷ್ಟು ದಿನ ನಾನು ಹೆದರಿದ್ದೆಲ್ಲ ನನಗಾಗಿ. ಆ ಹುಡುಗನ ನೆನಪೇ ನನಗೆ ಬಂದಿರಲಿಲ್ಲ.

ಬಾಗಿಲು ತೆರೆದು ಕಾರಿಡಾರಿಗೆ ಹೋದೆ. ಇರ್ಫಾನ್ ಗೋಡೆಗೆ ಒರಗಿ ನಿಂತಿದ್ದ.

‘ಇರ್ಫಾನ್, ಆವತ್ತು ಅಮ್ಮನಿಗೆ ನೀನು ಏನಂದೆ?’

ಅವನ ಮುಖ ಕಪ್ಪಿಟ್ಟಿತು. ‘“ಸಬ್ ಠೀಕ್ ಹೈ ನಾ ಅಮ್ಮೀ” ಅಂದೆ. ಅಷ್ಟೇ ಅಂದಿದ್ದು. ಅಮ್ಮೀನ ನಾನು ಹೇಗ್ ಕೇಳ್ಲಿ ಡಾಕ್ಟರ್ ಅದನ್ನ?’

‘ಕೇಳೋಕಾಗಲ್ಲ. ಯಾವ ಮಗನ ಕೈಲೂ ಆಗಲ್ಲ. ಅದು ನನ್ನ ಕೆಲ್ಸ. ನಿನ್ನ ಹೊರಗೆ ಕಳ್ಸಿ ನಾನೇ ಕೇಳ್ಬೇಕಿತ್ತು, ನಾನೇ ಪರೀಕ್ಷೆ ಮಾಡ್ಬೇಕಿತ್ತು. ಆ ಸರ್ಜನ್ ಮುಂದೆ ನಿನ್ನ ಮೇಲೆ ಹಾಕ್ದೆ. ನಿಂದೇನೂ ತಪ್ಪಿಲ್ಲಪ್ಪ.’

ಅವನು ಕೇಳಿದ, ‘ಎಂಟು ತಿಂಗಳು ಯಾಕೆ ಹೇಳ್ಲಿಲ್ಲ?’

‘ಭಯ ಆಯ್ತು’ ಎಂದೆ.

‘ನಂಗೂ ಭಯಾನೇ ಇತ್ತು ಡಾಕ್ಟರ್. ಆದ್ರೆ ನನ್ ತಪ್ಪಲ್ಲ ಅಂತ ನಿಮ್ಗೆ ಗೊತ್ತಿತ್ತು. ನಂಗೆ ಗೊತ್ತಿರ್ಲಿಲ್ಲ.’

ಇಷ್ಟು ಹೇಳಿ ಅವನು ನನ್ನನ್ನು ದಾಟಿ ಒಳಗೆ ಹೋದ, ಹೋಗಿ ತಾಯಿಯ ಪಕ್ಕದಲ್ಲಿ ಕೂತ.